ಹಣ್ಣುಹುಳದ ದಿನ ಬಂದ ಸುದ್ದಿ

ಹುಳ ಹಣ್ಣಾದ ದಿನ ಶಿವರತ್ನಮ್ಮನ ಮನೆ ಬಾಗಿಲಿಗೆ ಹೋಗಬಾರದು ಎಂಬುದು ಸೀಗೆಮಾಳದಲ್ಲಿ ಎಲ್ಲರಿಗೂ ಗೊತ್ತಿತ್ತು. ಹೋದವರು ಬೈಸಿಕೊಂಡೇ ಹಿಂದಿರುಗುತ್ತಿದ್ದರು. ಬೇರೆ ದಿನ ಹೋಗಿಬರುವವರನ್ನೆಲ್ಲ ಕರೆದು ಮಜ್ಜಿಗೆ ಕೊಡುವ ಹೆಂಗಸು, ಆ ಒಂದು ದಿನ ಮಾತ್ರ ಮೈಮೇಲೆ ಬಂದವಳ ಹಾಗೆ ಆಡುತ್ತಿದ್ದಳು. ಅದನ್ನು ಯಾರೂ ತಪ್ಪು ಎಂದವರಲ್ಲ. ಕಾಮಗೆರೆಯಿಂದ ಒಳಕ್ಕೆ ಗಾಡಿದಾರಿಯಲ್ಲಿ ಸಿಗುವ ಆ ಊರಿನಲ್ಲಿ ಬಾವಿ ಇದ್ದವರೆಲ್ಲ ರೇಷ್ಮೆ ಸಾಕುವವರೇ. ಎಲ್ಲರ ಮನೆಯ ಪಾಡೂ ಅದೇ.

ಆ ಪಾಡು ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ರೇಷ್ಮೆ ಹುಳ ನಾಲ್ಕು ಸಲ ಜ್ವರಕ್ಕೆ ಕೂತು, ಪೊರೆ ಕಳಚಿ ಎದ್ದು, ಹಗಲೂ ರಾತ್ರಿ ಸೊಪ್ಪು ಮೆದ್ದು ಮೆದ್ದು, ಒಂದು ಬೆಳಿಗ್ಗೆ ತಟಕ್ಕನೆ ತಿನ್ನುವುದನ್ನು ನಿಲ್ಲಿಸುತ್ತದೆ. ಮೈ ಹಳದಿಗೆ ತಿರುಗುತ್ತದೆ, ಕತ್ತೆತ್ತಿ ಅತ್ತಿತ್ತ ಆಡಿಸುತ್ತಾ ತಟ್ಟೆಯ ಅಂಚಿಗೆ ಹರಿಯುತ್ತದೆ. ಅದೇ ಹಣ್ಣುಹುಳ. ಅದನ್ನು ಒಂದೊಂದಾಗಿ ಕೈಯಲ್ಲೇ ಆರಿಸಿ ಚಂದ್ರಂಕಿಗೆ ಬಿಡಬೇಕು. ಚಂದ್ರಂಕಿ ಎಂದರೆ ಹುಳ ಗೂಡು ಕಟ್ಟಲೆಂದು ಬಿದಿರು ದೆಬ್ಬೆಯನ್ನು ಸುತ್ತುಸುತ್ತಾಗಿ ಹೊಲಿದು ಮಾಡಿದ ದೊಡ್ಡ ಚಾಪೆ. ತಡಮಾಡಿದರೆ ಹುಳ ನಿಮಗಾಗಿ ಕಾಯುವುದಿಲ್ಲ. ಇದ್ದ ನೂಲನ್ನೆಲ್ಲ ಸೊಪ್ಪಿನ ಕಸದ ಮೇಲೆ ಸುರಿದು ಕೂರುತ್ತದೆ. ಮನೆಯವರೆಲ್ಲ ನಿದ್ದೆಗೆಟ್ಟು ಸಾಕಿದ್ದು ಒಂದೇ ಹಗಲಿನಲ್ಲಿ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಹಾಗಾಗಿ ಶಿವರತ್ನಮ್ಮನ ಅತ್ತೆ ಚಿಕ್ಕಬಸಮ್ಮ ಬದುಕಿದ್ದಾಗ ಆ ಮನೆಗೊಂದು ಕಟ್ಟು ಮಾಡಿದ್ದಳು. ಹಣ್ಣುಹುಳದ ದಿನ ಬೀಡಿ ಸೇದಿದವರು, ವಾಸನೆ ಎಣ್ಣೆ ಹಚ್ಚಿಕೊಂಡವರು ಹೊಸ್ತಿಲು ತುಳಿಯುವಂತಿಲ್ಲ. ಮನೆಯಿಂದ ಬೆಂಕಿ, ಉಪ್ಪು, ಮೊಸರಿನ ಹೆಪ್ಪು ಯಾವುದೂ ಹೊರಕ್ಕೆ ಹೋಗುವಂತಿಲ್ಲ. ಮನೆಯ ಹೆಣ್ಣುಗಳಂತೂ ಹೋಗುವಂತೆಯೇ ಇಲ್ಲ. ಹಣ್ಣಾದ ಹುಳ ಇರುವ ಮನೆಯಿಂದ ಹೆಣ್ಣು ಹೊರಟರೆ ಬೆಳೆಯೂ ಅವಳ ಹಿಂದೆಯೇ ಹೊರಟು ಹೋಗುತ್ತದಂತೆ. ಅತ್ತೆ ಹೋಗಿ ಎಷ್ಟೋ ವರ್ಷವಾಗಿದ್ದರೂ ಸೊಸೆ ಆ ಕಟ್ಟನ್ನು ಒಂದು ಗೆರೆ ದಾಟಿದವಳಲ್ಲ. ಪಕ್ಕದ ಮನೆಯ ಚನ್ನಮಲ್ಲಮ್ಮ ಒಮ್ಮೆ ಹುಳದ ಕೋಣೆಗೆ ಇಣುಕಿ, "ಏನ್ ರತ್ನಕ್ಕ, ಈ ಸಲ ಬಂಗಾರದಂಗವೆ" ಎಂದಿದ್ದಳು; ಆ ಬೆಳೆ ಹಾಲುರೋಗ ಬಂದು ಕೆಟ್ಟಾಗ, ಅವಳ ಕಣ್ಣೇ ತಾಗಿತೆಂದು ಅಂದಿನಿಂದ ಒಳಕ್ಕೇ ಬಿಟ್ಟಿರಲಿಲ್ಲ. ಗೋಡೆಗೆ ಗೋಡೆ ಅಂಟಿದ ಮನೆ, ಮಾತು ಮಾತ್ರ ಅಷ್ಟಕ್ಕಷ್ಟೆ.

ತೊಂಬತ್ತೇಳನೆಯ ಇಸವಿಯ ಮುಂಗಾರಿನಲ್ಲಿ ಅಂಥದೇ ಒಂದು ದಿನ, ಬಿಸಿಲು ಏರುವ ಹೊತ್ತಿಗೆ, ಬಾಗಿಲಲ್ಲಿ ಮೊಪೆಡ್ಡು ಬಂದು ನಿಂತಿತು. ಕಾಮಗೆರೆಯ ಕೂಡುರಸ್ತೆಯಲ್ಲಿ ಎಸ್‌ಟಿಡಿ ಬೂತು ಇಟ್ಟಿದ್ದ ಕೆಂಪನಂಜಪ್ಪ. ಸುತ್ತಲ ಹಳ್ಳಿಗಳಿಗೆ ಬರುವ ಫೋನೆಲ್ಲ ಅವನ ಬೂತಿಗೇ ಬರಬೇಕು. ಅವನು ಬಂದು ಹೇಳಿದರೇ ಸುದ್ದಿ.

ಮನೆಯಲ್ಲಿ ಇದ್ದದ್ದು ಶಿವರತ್ನಮ್ಮ ಮತ್ತು ಅವಳ ಒಬ್ಬಳೇ ಮಗಳು ಯಶೋದ. ಗಂಡ ಮಹದೇವು ಇನ್ನೂ ಕತ್ತಲಿರುವಾಗಲೇ ಗಾಡಿ ಕಟ್ಟಿಕೊಂಡು ಹನೂರಿನ ಕಡೆಯ ತಂಗಿಯ ಮನೆಗೆ ಚಂದ್ರಂಕಿ ತರಲು ಹೋಗಿದ್ದ. ಹುಳ ಎಣಿಸಿದ್ದಕ್ಕಿಂತ ಮೊದಲೇ ಹಣ್ಣಾಗಿಬಿಟ್ಟಿದ್ದವು, ಮನೆಯಲ್ಲಿದ್ದ ಚಂದ್ರಂಕಿ ಏನೇನೂ ಸಾಲದು. ಯಶೋದ ಹಿಂದಿನ ಕೋಣೆಯಲ್ಲಿ ಹುಳ ಆರಿಸುತ್ತಾ ಕೂತಿದ್ದಳು. ಶಿವರತ್ನಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಜಗಲಿಗೆ ಬಂದಳು.

"ಶಿವರತ್ನಕ್ಕ, ಯಶೋದವ್ವ ಅವ್ಳಾ?"

"ಅವ್ಳೆ. ನೀನು ಬೀಡಿ ಸೇದ್ಕಂಡ್ ಬಂದಿದ್ದೀಯ. ಅಲ್ಲೇ ನಿಂತ್ಕಂಡು ಯೋಳು."

"ಬೆಂಗ್ಳೂರಿಂದ ಫೋನ್ ಬಂದಿತ್ತು ಕಣಕ್ಕ, ಆ ನರ್ಸ್ ಕೆಲ್ಸದ ಏಜೆಂಟ್ರ ಆಪೀಸಿಂದ. ಒಂಡದು ಬರೋ ವಾರ ಅಂದಿದ್ರಲ್ಲ, ಅದು ನಾಳೆಗೇ ಬಂದದಂತೆ. ನಾಳೆ ಬೆಳಿಗ್ಗೆ ಆಪೀಸ್ ಬಾಗ್ಲಲ್ಲಿರ್ಬೇಕು. ಇಲ್ದಿದ್ರೆ ಇನ್ಯಾರೋ ಕಾಯ್ತಾವ್ರಂತೆ, ಅವ್ರನ್ನ ಮಸ್ಕತ್ಗೆ ಅತ್ತುಸ್ಬುಡ್ತಾರಂತೆ. ಜೊತೆಗೆ ಓಗೋ ಕೊಳ್ಳೇಗಾಲದ ಮೀನಾಗೂ ಯೋಳವ್ರೆ. ಆ ಉಡ್ಗಿ, ಅವ್ರಣ್ಣ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಲ್ಲಿ ಕಾಯ್ತಾರೆ. ಸಾಯಂಕಾಲ ಮಾದಪ್ಪನ ಬೆಟ್ಟದಿಂದ ಬರೋ ಬಸ್ಸಿಗೆ ಅತ್ಬುಟ್ರೆ ಸರಿಯಾಯ್ತದೆ. ಅದ್ ಬುಟ್ರೆ ಇನ್ನಿಲ್ಲ, ಕಾಡಿನ ಚೆಕ್‌ಪೋಸ್ಟಲ್ಲಿ ಕತ್ಲಾದ್ಮೇಲೆ ಯಾವ ಗಾಡೀನೂ ಬುಡಕಿಲ್ಲ. ಕರೀರಿ, ನಾನೇ ಯೋಳ್ತೀನಿ."

"ನಾನ್ ಯೋಳ್ತೀನಿ ಓಗಪ್ಪ. ಹುಳದ ಮನೆ."

ಕೆಂಪನಂಜಪ್ಪ ಇನ್ನೊಂದು ಸಲ ಕೋಣೆಯ ಕಡೆ ನೋಡಿ, ಮೊಪೆಡ್ಡು ತಿರುಗಿಸಿಕೊಂಡು ಹೋದ. ಶಿವರತ್ನಮ್ಮ ಜಗಲಿಯ ಕಂಬ ಹಿಡಿದು ನಿಂತಳು. ಒಳಗೆ ಹೋಗಿ ಹೇಳಬೇಕಾದ್ದು ಒಂದೇ ಮಾತು.

ಒಳಗೆ ಹೋದಾಗ ಯಶೋದ ಬಗ್ಗಿದ ಕತ್ತೆತ್ತದೆ ಕೇಳಿದಳು. "ಯಾರವ್ವ ಬಂದಿದ್ದು?"

"ಕೆಂಪನಂಜಪ್ಪ. ಚಂದ್ರಂಕಿ ಅವೆಯಾ ಅಂತ ಕೇಳ್ಕಂಡ್ ಬಂದಿದ್ದ. ನಮ್ಗೇ ಇಲ್ಲ ಓಗು ಅಂದೆ."

ಈಗ ಯಶೋದ ತಲೆ ಎತ್ತಿ ತಾಯಿಯ ಮುಖ ನೋಡಿದಳು. ಏನೋ ಕೇಳುವವಳ ಹಾಗೆ ಬಾಯಿ ತೆರೆದು, ಮತ್ತೆ ತಟ್ಟೆಗೆ ಬಗ್ಗಿದಳು.

ಈ ಯಶೋದ ಸುಮ್ಮನೆ ಬಂದ ಮಗಳಲ್ಲ. ಮೊದಲೆರಡು ಕೂಸು ಮಣ್ಣಿಗೆ ಹೋದಮೇಲೆ, ಬೆಟ್ಟದ ಮಾದಪ್ಪನಿಗೆ ಮುಡಿಯ ಹರಕೆ ಹೊತ್ತುಕೊಂಡ ಮೇಲೆ ನಿಂತ ಜೀವ. ಅವಳ ತಾಯಿಯಾದರೂ ಈ ಒಣನೆಲದವಳಲ್ಲ. ಯಳಂದೂರಿನ ಕೆಳಗೆ, ಸುವರ್ಣಾವತಿ ಕಾಲುವೆಯ ಗದ್ದೆಬಯಲಿನ ಊರು ಅವಳದು. ಹುಡುಗಿಯಾಗಿದ್ದಾಗ ಕೆಸರು ಬಿಟ್ಟರೆ ಬೇರೆ ಕಂಡಿರಲಿಲ್ಲ. ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ ಹುಳದ ತಟ್ಟೆಗೆ ಕೈ ಹಾಕಿಸಿದಾಗ ಹಿತ್ತಲಿಗೆ ಓಡಿಹೋಗಿ ವಾಂತಿ ಮಾಡಿಕೊಂಡಿದ್ದಳು. ಅತ್ತೆ ನಕ್ಕು, "ಇನ್ಮುಂದೆ ಇದೇ ನಿನ್ ಗದ್ದೆ" ಎಂದಿದ್ದಳು. ಹಾಗೇ ಆಯಿತು. ಮಗಳಿಗೆ ಮಾತ್ರ ಈ ಬಾಳು ಬೇಡವೆಂದು ಓದಿಸಿದ್ದೂ ಶಿವರತ್ನಮ್ಮನೇ. ಮೈಸೂರಿಗೆ ಕಳಿಸಿ ನರ್ಸಿಂಗ್ ಮಾಡಿಸಿದಳು. ಕಾಮಗೆರೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ ದಿನ ಊರಿಗೆಲ್ಲ ಸಕ್ಕರೆ ಹಂಚಿದ್ದಳು. ಬಿಳಿ ಸೀರೆಯುಟ್ಟು ಸೈಕಲ್ಲಿನಲ್ಲಿ ಹೋಗಿಬರುವ ಮಗಳನ್ನು ಕಂಡರೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಇನ್ನು ಒಂದು ಗಂಡು ನೋಡಿ, ಕೂಗಳತೆಯಲ್ಲಿ ಎಲ್ಲಾದರೂ ಕೊಟ್ಟುಬಿಟ್ಟರೆ ಆಯಿತು ಎಂದು ಲೆಕ್ಕ ಹಾಕಿಕೊಂಡಿದ್ದಳು.

ಅಷ್ಟರಲ್ಲಿ ಈ ಮಸ್ಕತ್ತಿನ ಆಸ್ಪತ್ರೆ ಕೆಲಸ ಎಲ್ಲಿಂದಲೋ ಬಂತು. ಜೊತೆಯ ನರ್ಸು ಮೀನಾಳನ್ನು ಸೇರಿಸಿಕೊಂಡು ಬೆಂಗಳೂರಿಗೆ ಹೋಗಿ ಇಂಟರ್‌ವ್ಯೂ ಕೊಟ್ಟು ಬಂದಳು ಯಶೋದ, ಇಬ್ಬರೂ ಆಯ್ಕೆಯಾದರು. "ಅದ್ ಯಾ ದಿಕ್ಕಿಗೆ ಬತ್ತದವ್ವ?" ಎಂದು ತಾಯಿ ಕೇಳಿದ್ದಳು. ಮಗಳು ಪಡುವಲ ಕಡೆ ಕೈ ತೋರಿಸಿ, "ಬಿಳಿಗಿರಿರಂಗನ ಬೆಟ್ಟ ದಾಟಿ, ಆಮೇಲೆ ಸಮುದ್ರ ದಾಟಿ" ಎಂದಿದ್ದಳು. ಬೆಟ್ಟ ಮನೆ ಮುಂದೆಯೇ ಕಾಣುತ್ತಿತ್ತು. ಸಮುದ್ರವನ್ನು ಶಿವರತ್ನಮ್ಮ ಕ್ಯಾಲೆಂಡರಿನಲ್ಲಿ ಕಂಡಿದ್ದಳು, ಅಷ್ಟೆ. ಅಲ್ಲಿಗೆ ಹೋದ ಹೆಣ್ಣುಮಕ್ಕಳನ್ನು ಮನೆಯೊಳಗೆ ಕೂಡಿಹಾಕುತ್ತಾರಂತೆ, ಊಟ ಕೊಡುವುದಿಲ್ಲವಂತೆ, ಸತ್ತರೆ ಹೆಣವನ್ನೂ ಕಳಿಸುವುದಿಲ್ಲವಂತೆ ಎಂದು ಸಂತೆಯಲ್ಲಿ, ಮಿಲ್ಲಿನಲ್ಲಿ, ಬಾವಿಕಟ್ಟೆಯಲ್ಲಿ ಜನ ಹೇಳುವುದನ್ನೆಲ್ಲ ಒಂದೂ ಬಿಡದೆ ಹೊಟ್ಟೆಗೆ ಹಾಕಿಕೊಂಡಿದ್ದಳು. ಮಗಳ ಎದುರಿಗೆ ಮಾತ್ರ, "ಓಗು, ನಿನ್ನಿಷ್ಟ" ಎಂದಿದ್ದಳು. ಬಾಯಿ ಅಂದದ್ದು ಅದು, ಹೊಟ್ಟೆಯ ಮಾತೇ ಬೇರೆ.

ಈಗ ತಟ್ಟೆಯ ಮುಂದೆ ಕೂತು ಹುಳ ಆರಿಸುತ್ತಿದ್ದಾಗ ಆ ಹೊಟ್ಟೆಯ ಮಾತು ದಾರಿ ಹುಡುಕಿಕೊಂಡಿತು. ಸಾಯಂಕಾಲ ಬಸ್ಸು ಹೋಗಿಬಿಡಲಿ. ಆಮೇಲೆ ತಲೆ ಚಚ್ಚಿಕೊಂಡು, "ಅಯ್ಯೋ ಮಗ್ಳೆ, ಹುಳದ ಗಲಾಟೇಲಿ ಮರ್ತೇ ಓಯ್ತಲ್ಲ" ಅಂದರಾಯಿತು. ಯಾರು ತಾನೇ ನಂಬುವುದಿಲ್ಲ? ಹಣ್ಣುಹುಳದ ದಿನ ಒಲೆಯ ಮೇಲೆ ಅನ್ನ ಇಟ್ಟು ಮರೆತವರಿದ್ದಾರೆ, ತೊಟ್ಟಿಲಲ್ಲಿ ಕೂಸು ಅಳುತ್ತಿದ್ದುದನ್ನು ಮರೆತವರಿದ್ದಾರೆ. ಒಂದು ಫೋನಿನ ಮಾತು ಮರೆತರೆ ಸೀಗೆಮಾಳದಲ್ಲಿ ಯಾರೂ ಅದನ್ನು ಪಾಪ ಎನ್ನುವುದಿಲ್ಲ. ಮಗಳು ಒಂದು ವಾರ ಮುಖ ಊದಿಸಿಕೊಳ್ಳುತ್ತಾಳೆ, ಮತ್ತೆ ಬಿಳಿ ಸೀರೆಯುಟ್ಟು ಸೈಕಲ್ ಹತ್ತುತ್ತಾಳೆ. ಅಷ್ಟು ಸಾಕು.

"ಮಸ್ಕತ್ತಲ್ಲಿ ಮಳೇನೇ ಬರಕಿಲ್ವಂತೆ ಕಣವ್ವ," ಎಂದಳು ಯಶೋದ, ಹಳದಿ ಹುಳವೊಂದನ್ನು ಬೆಳಕಿಗೆ ಹಿಡಿದು ನೋಡುತ್ತಾ.

"ಮತ್ ಯಾಕೋಗ್ತೀಯ ಅಂತ ಊರ್ಗೆ?"

"ನೀನು ಓಗ್ಬ್ಯಾಡ ಅಂದ್ರೆ ಓಗಕಿಲ್ಲ."

"ನಾನ್ ಅಂದ್ರೆ ನಿಂತ್ಕಂಡ್ಬುಡ್ತೀಯ, ನೀನು?"

"ಅಂದ್ ನೋಡು."

ಇದೇನು ಚೇಷ್ಟೆ ಎಂದು ಶಿವರತ್ನಮ್ಮ ರೇಗಿದಳು. "ಕೈ ಆಡ್ಸು ಮೊದ್ಲು. ಆ ಮೂಲೆ ತಟ್ಟೇಲಿ ಹುಳ ಅಂಚಿಗೆ ಬಂದವೆ, ಕಾಣಕಿಲ್ವಾ?" ಅಂದಳು. ಅವಳ ಕೈಯಿಂದ ಒಂದು ಹುಳ ಜಾರಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳುವಾಗ ಮಗಳ ಕಾಲು ಕಾಣಿಸಿತು. ಆ ಕಾಲು ಇವತ್ತು ರಾತ್ರಿ ಈ ಮನೆಯಲ್ಲೇ ಇರಬೇಕು, ನಾಳೆಯೂ ಇರಬೇಕು, ಅವಳಿಗೆ ಬೇಕಾದ್ದು ಇಷ್ಟೆ.

ಹೊತ್ತು ನೆತ್ತಿಗೆ ಬಂತು. ಮುದ್ದೆ ತಿರುವಲು ಇಬ್ಬರಿಗೂ ಪುರಸೊತ್ತಿಲ್ಲ. ಹಿಂದಿನ ದಿನದ ತಂಗಳನ್ನಕ್ಕೆ ಮಜ್ಜಿಗೆ ಹುಯ್ದು ನಿಂತಲ್ಲೇ ಉಂಡರು. ಇದ್ದ ಚಂದ್ರಂಕಿಯೆಲ್ಲ ತುಂಬಿ ಗೋಡೆಗೆ ಒರಗಿ ನಿಂತವು. ಆರಿಸಿದ ಹುಳವನ್ನು ಬಿಡಲು ಜಾಗವಿಲ್ಲದೆ ಗೋಣಿಯ ಮೇಲೆ ಹರಡಿದರು. ಮಹದೇವು ಇನ್ನೂ ಬಂದಿಲ್ಲ. ಶಿವರತ್ನಮ್ಮ ಘಳಿಗೆಗೊಂದು ಸಲ ಹೊರಗೆ ಹೋಗಿ ದಾರಿ ನೋಡಿ, ಹಾಗೇ ನೆರಳನ್ನೂ ನೋಡಿ ಬರುತ್ತಿದ್ದಳು. ಹುಳಕ್ಕಾಗಿ ಹೊತ್ತು ನಿಲ್ಲಲಿ ಎನಿಸುತ್ತಿತ್ತು, ಬಸ್ಸು ತಪ್ಪಲೆಂದು ಬೇಗ ಮುಳುಗಲಿ ಎನಿಸುತ್ತಿತ್ತು. ಎರಡೂ ಒಟ್ಟಿಗೆ ಆಗುವ ಹಾಗಿಲ್ಲವಲ್ಲ, ಅದಕ್ಕೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಮೂರನೆಯ ಸಲವೋ ನಾಲ್ಕನೆಯ ಸಲವೋ ಹೊರಗೆ ಬಂದಾಗ ಗಾಡಿ ಕಂಡಿತು. ಎತ್ತುಗಳು ಓಟದಲ್ಲಿ ಬರುತ್ತಿದ್ದವು. ಮಹದೇವು ಯಾವತ್ತೂ ಎತ್ತು ಓಡಿಸುವವನಲ್ಲ. ಬಂದವನು ಮೂಗುದಾರ ಬಿಡುವ ಮೊದಲೇ ಕೇಳಿದ. "ಒಂಟ್ಲಾ ಮಗ್ಳು?"

ಶಿವರತ್ನಮ್ಮ ಎತ್ತುಗಳ ಕಡೆ ತಿರುಗಿದಳು. "ಎಲ್ಲಿಗೆ?" ಎಂದಳು.

"ಎಲ್ಲಿಗೆ ಅಂತೀಯಲ್ಲ. ಕೂಡ್‌ರಸ್ತೇಲಿ ಕೆಂಪನಂಜಪ್ಪ ಸಿಕ್ಕಿದ್ದ. ಬೆಳಿಗ್ಗೇನೇ ಬಂದು ನಿಂಗೇ ಯೋಳಿವ್ನಿ ಅಂದ." ಅವನು ಹೆಂಡತಿಯ ಮುಖವನ್ನೇ ನೋಡಿದ. ಮೂವತ್ತು ವರ್ಷ ಕೂಡಿ ಬಾಳಿದವನಿಗೆ ಆ ಮುಖ ಓದಲು ಕಷ್ಟವೇನಿರಲಿಲ್ಲ. ದನಿ ತಗ್ಗಿಸಿ, "ಯೋಳ್ನಿಲ್ವಾ?" ಎಂದ.

"ಇಲ್ಲ."

"ಯಾಕ್ಲೇ?"

"ಹುಳ ಹಣ್ಣಾಗವೆ. ಹಣ್ಣುಹುಳ ಇರೋ ಮನೆಯಿಂದ ಹೆಣ್ಣು ಒಂಡಕ್ಕಾಗಲ್ಲ. ನಿಮ್ಮವ್ವನ ಕಟ್ಟು ನೀವೇ ಮರ್ತ್ರಾ?"

ಮಹದೇವು ನೊಗಕ್ಕೆ ಕೈ ಊರಿ ನಿಂತ. "ಅದು ಬ್ಯಾಡ ರತ್ನಿ," ಎಂದ. "ಅವ್ವನ ಮಾತು ಇಲ್ಲಿ ತರ್ಬ್ಯಾಡ."

ಯಾಕೆ ತರಬಾರದು ಎಂಬುದು ಇಬ್ಬರಿಗೂ ಗೊತ್ತಿತ್ತು. ಮದುವೆಯಾದ ಮೂರನೆಯ ವರ್ಷ, ಇಂಥದೇ ಒಂದು ಹಣ್ಣುಹುಳದ ದಿನ, ಯಳಂದೂರಿನ ಕಡೆಯಿಂದ ಆಳು ಬಂದಿದ್ದ. ಶಿವರತ್ನಮ್ಮನ ಅಪ್ಪನಿಗೆ ಕಡೆಗಾಲ, ಮಗಳನ್ನು ಕಾಣಬೇಕೆನ್ನುತ್ತಿದ್ದಾನೆ, ಈಗಲೇ ಕಳಿಸಿ ಎಂದು. ಚಿಕ್ಕಬಸಮ್ಮ ಆ ಆಳಿಗೆ ಹಿತ್ತಲಲ್ಲೇ ಊಟ ಹಾಕಿ, ಹಿತ್ತಲಲ್ಲೇ ಕಳಿಸಿಬಿಟ್ಟಳು. ಮಹದೇವು ಅಲ್ಲೇ ಇದ್ದ. ಸೊಸೆ ಕೋಣೆಯಲ್ಲಿ ಹುಳ ಆರಿಸುತ್ತಾ ತವರಿನ ಹಾಡು ಗುನುಗುತ್ತಿದ್ದಳು. ಕೊನೆಯ ಹುಳ ಚಂದ್ರಂಕಿ ಏರಿದ ಮೇಲೆ, ಮಾರನೆಯ ದಿನ, ಅತ್ತೆ ಸುದ್ದಿ ಹೇಳಿದಳು. ಶಿವರತ್ನಮ್ಮ ಊರು ಮುಟ್ಟಿದಾಗ ಅಪ್ಪನ ಗುಂಡಿಯ ಮಣ್ಣು ಒಣಗುತ್ತಿತ್ತು. ಆ ವರ್ಷದ ಗೂಡು ಊರಿಗೇ ಒಳ್ಳೆಯ ಗೂಡು ಅಂದರು. ಅತ್ತೆಯನ್ನು ಅವಳು ಒಂದು ಮಾತು ಬೈಯಲಿಲ್ಲ, ಗಂಡನನ್ನೂ ಬೈಯಲಿಲ್ಲ. ಎಲ್ಲರ ಮನೆಯಲ್ಲೂ ಹೀಗೇ ಇರಬೇಕು ಎಂದುಕೊಂಡು ನುಂಗಿದಳು.

ಈಗ, ಇಷ್ಟು ವರ್ಷದ ಮೇಲೆ, ಗಾಡಿಯ ಪಕ್ಕದಲ್ಲಿ ಅದು ಹೊರಗೆ ಬಂತು.

"ಅವತ್ತು ಎಲ್ಲಿಗೋಗಿತ್ತು ಈ ಬಾಯಿ? ಇವತ್ತು ನ್ಯಾಯ ಯೋಳ್ತೀರಲ್ಲ. ನಮ್ಮಪ್ಪ ಬಾಗ್ಲು ನೋಡ್ಕಂಡು ಪ್ರಾಣ ಬುಟ್ಟ. ನೀವು ಹಿತ್ಲಲ್ಲಿ ನಿಂತಿದ್ರಿ. ನಾನೇನ್ ಸತ್ತೋದ್ನಾ? ಬದ್ಕಿಲ್ವಾ? ಇವ್ಳೂ ಬದುಕ್ತಾಳೆ ಬುಡಿ."

"ಅವತ್ತು ಬಾಯಿ ಇರ್ನಿಲ್ಲ ಕಣೆ," ಎಂದ ಮಹದೇವು. "ಅವ್ವಂಗೆ ಎದುರಾಡಕ್ಕೆ ನಂಗೆ ಧೈರ್ಯ ಇರ್ನಿಲ್ಲ. ನೀನು ಊರಿಂದ ಬಂದು ಆ ಗ್ವಾಡೆ ಕಡೆ ತಿರುಗಿ ಮಲಗ್ತಿದ್ದೆ, ಎಷ್ಟು ತಿಂಗ್ಳು. ಅದು ನಂಗೆ ಮರ್ತದಾ? ನಾಳೆ ಅವ್ಳು ಅಂಗೆ ಮಲಗ್ತಾಳೆ. ನೀನು ನೋಡ್ತೀಯ?"

ಶಿವರತ್ನಮ್ಮ ಚಂದ್ರಂಕಿಗೆ ಬಿಗಿದ ಹಗ್ಗಕ್ಕೆ ಕೈ ಹಾಕಿದಳು.

"ನೀನ್ ಯೋಳ್ದಿದ್ರೆ ನಾನ್ ಯೋಳ್ತೀನಿ. ಆದ್ರೆ ನೀನೇ ಯೋಳು," ಎಂದು ಅವನು ಚಂದ್ರಂಕಿ ಇಳಿಸತೊಡಗಿದ. ಅಷ್ಟೇ ಹೇಳಿದ್ದು, ಗದರಲೂ ಇಲ್ಲ. ನೆರಳು ಬೇಲಿ ಮುಟ್ಟುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಗಂಡ ಹೇಳಿದರೂ ಬಸ್ಸು ಸಿಗುವುದಿಲ್ಲ ಎಂದು ಅವಳಿಗೆ ಹೊಳೆಯಿತು. ಹೊಳೆದದ್ದೇ ನಾಚಿಕೆಯಾಯಿತು. ಥೂ, ಎಂಥ ತಾಯಿ ನಾನು ಎಂದುಕೊಂಡು ಒಳಗೆ ಹೋದಳು.

"ಯಶೋದಿ, ಕೈ ತೊಳ್ಕೊ."

"ಯಾಕವ್ವ?"

"ನಾಳೆ ಬೆಳಿಗ್ಗೆ ನೀನು ಬೆಂಗ್ಳೂರಲ್ಲಿರ್ಬೇಕಂತೆ. ಕೆಂಪನಂಜಪ್ಪ ಬಂದಿದ್ದು ಅದ್ಕೇ. ಚಂದ್ರಂಕಿಗಲ್ಲ. ನಾನು ಯೋಳ್ನಿಲ್ಲ."

ಮಗಳು ಬೆಚ್ಚಿ ಬೀಳುತ್ತಾಳೆ, ಚೀರುತ್ತಾಳೆ, ಹುಳದ ತಟ್ಟೆ ಎತ್ತಿ ಕುಕ್ಕುತ್ತಾಳೆ ಎಂದು ಶಿವರತ್ನಮ್ಮ ಕಾದು ನಿಂತಿದ್ದಳು. ಯಶೋದ ಅಂಗೈಯಲ್ಲಿದ್ದ ಹುಳಗಳನ್ನು ಒಂದೊಂದಾಗಿ ಗೋಣಿಯ ಮೇಲೆ ಬಿಟ್ಟಳು. ಆಮೇಲೆ, "ಸರಿ ಕಣವ್ವ," ಎಂದು ಎದ್ದು ಬಚ್ಚಲಿಗೆ ಹೋದಳು. ಬೈದಿದ್ದರೆ ತಾಯಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಆಮೇಲೆ ಮನೆಯೆಲ್ಲ ಓಡಾಟವಾಯಿತು. ಒಣಗಿರದ ಬಟ್ಟೆಯನ್ನು ಹಾಗೇ ಮಡಿಸಿ ತುರುಕಿದರು. ಮಹದೇವು ಎತ್ತುಗಳಿಗೆ ಒಂದು ಬಾಯಿ ನೀರು ಕುಡಿಸಿ ಮತ್ತೆ ನೊಗಕ್ಕೆ ಕಟ್ಟಿದ. "ನೀನ್ ಬರ್ಬ್ಯಾಡ ಅವ್ವ, ಹುಳ ನೋಡ್ಕೊ. ಅಪ್ಪ ಬುಟ್ಬುಟ್ ಬತ್ತದೆ" ಎಂದಳು ಯಶೋದ, ಚೀಲದ ಬಾಯಿ ಕಟ್ಟುತ್ತಾ. ಕೋಣೆಯಲ್ಲಿ ಇನ್ನೂ ಅರ್ಧಕ್ಕರ್ಧ ತಟ್ಟೆ ಹಾಗೇ ಇದ್ದವು. ಹುಳ ಅಂಚು ದಾಟಿ ಹೊರಗೆ ತೂಗಾಡುತ್ತಿದ್ದವು. ಶಿವರತ್ನಮ್ಮ ಅವುಗಳನ್ನು ಒಮ್ಮೆ ನೋಡಿದಳು. ನೋಡಿದವಳೇ ಹೊರಗೆ ಬಂದು ಪಕ್ಕದ ಮನೆಯ ಬಾಗಿಲು ಬಡಿದಳು.

"ಚನ್ನಮಲ್ಲಕ್ಕ, ಬಾ. ಹುಳ ಹಣ್ಣಾಗಿ ಸುರೀತಾ ಅವೆ. ನನ್ ಮಗ್ಳು ಓಯ್ತಾ ಅವ್ಳೆ. ಒಳೀಕೆ ಬಾರಕ್ಕ, ಕೈ ಮುಗೀತೀನಿ."

ಚನ್ನಮಲ್ಲಮ್ಮ ಒಂದು ಗಳಿಗೆ ನಿಂತು ನೋಡಿದಳು. ಹಳೆಯದನ್ನೆಲ್ಲ ಎತ್ತಿ ಆಡಲು ಅದಕ್ಕಿಂತ ಒಳ್ಳೆಯ ಸಮಯ ಅವಳಿಗೆ ಸಿಗುತ್ತಿರಲಿಲ್ಲ. ಅವಳು ಆಡಲಿಲ್ಲ. ಕಾಲು ತೊಳೆದುಕೊಂಡು ನೇರ ಹುಳದ ಕೋಣೆಗೆ ನಡೆದು, ತನ್ನ ಸೊಸೆಯನ್ನೂ ಕೂಗಿ ಕರೆದಳು.

ಶಿವರತ್ನಮ್ಮನೂ ಗಾಡಿ ಹತ್ತಿದಳು; ಮಹದೇವು ಕಾಮಗೆರೆಯ ಕಡೆ ಎತ್ತು ಓಡಿಸಿದ. ಕೂಡುರಸ್ತೆಗೆ ಬಂದಾಗ ಬೆಳಕು ಕೆಂಪಾಗಿತ್ತು. ಬೆಟ್ಟದ ಬಸ್ಸು ಹೋಯಿತೋ ಇಲ್ಲವೋ ಯಾರಿಗೂ ಸರಿಯಾಗಿ ತಿಳಿಯದು. ಒಬ್ಬ ಹೋಯಿತು ಅಂದ, ಇನ್ನೊಬ್ಬ ಹನೂರಿನ ಆಚೆ ಪೊಲೀಸರು ನಿಲ್ಲಿಸಿಕೊಂಡು ಚೀಲಗೀಲ ಜಾಲಾಡುತ್ತಿದ್ದಾರೆ ಅಂದ. ಮಹದೇವು ಕೆಂಪನಂಜಪ್ಪನನ್ನು ವಿಚಾರಿಸಲು ಬೂತಿನ ಕಡೆ ಓಡಿದ. ತಾಯಿ ಮಗಳು ಹುಣಸೆಮರದ ಕೆಳಗೆ ನಿಂತರು. ನಡುವೆ ಚೀಲ.

ಬಸ್ಸು ಹೋಗಿಬಿಟ್ಟಿರಲಿ ಎಂದು ಶಿವರತ್ನಮ್ಮನ ಮನಸ್ಸು ಇನ್ನೂ ಬೇಡುತ್ತಿತ್ತು. ಆ ಮನಸ್ಸನ್ನು ಒಳಗೆ ಇಟ್ಟುಕೊಂಡು ಮಗಳ ಪಕ್ಕದಲ್ಲಿ ನಿಲ್ಲುವುದು ಅವಳಿಂದ ಆಗಲಿಲ್ಲ.

"ನನ್ನ ಬೈದುಬುಡು," ಎಂದಳು. "ಬೈದು ಓಗು. ಸುಮ್ಕೆ ಓಗ್ಬ್ಯಾಡ."

"ಯಾಕವ್ವ ಬೈಲಿ? ಯೋಳ್ದಲ್ಲ."

"ನಿಮ್ಮಪ್ಪ ಬರ್ದೇ ಇದ್ದಿದ್ರೆ ಯೋಳ್ತಿರ್ನಿಲ್ಲ. ಬಸ್ಸು ಓದ್ಮೇಲೆ, ಹುಳದ ಗಲಾಟೇಲಿ ಮರ್ತೆ ಅಂತಿದ್ದೆ. ತಿಳ್ಕಂಡೇ ಓಗು."

ಯಶೋದ ರಸ್ತೆಯ ಕಡೆ ನೋಡುತ್ತಿದ್ದಳು. "ಬೆಳಿಗ್ಗೇನೇ ಕೇಳುಸ್ತು ಕಣವ್ವ," ಎಂದಳು. "ಅವನು ಯೋಳಿದ್ದು ಎಲ್ಲಾ ಕೇಳುಸ್ತು."

ಶಿವರತ್ನಮ್ಮನಿಗೆ ಮೊದಲು ಅರ್ಥವಾಗಲಿಲ್ಲ. "ಕೇಳುಸ್ತಾ? ಮತ್ಯಾಕೆ ಕೂತಿದ್ದೆ?"

"ನೀನು ಯೋಳ್ತೀಯೋ ಇಲ್ವೋ ನೋಡನ ಅಂತ. ನಂಗೂ ಎದ್ರಿಕೆನೇ ಕಣವ್ವ, ಗೊತ್ತಿಲ್ದೆ ಇರೋ ಊರು. ನೀನು ಯೋಳ್ದೇ ಇದ್ರೆ ಓಗದೇ ಬ್ಯಾಡ ಅಂದ್ಕಂಡಿದ್ದೆ. ನಮ್ಮವ್ವಂಗೆ ಅಷ್ಟು ಸಂಕಟ ಆಗ್ತಿದ್ರೆ ಯಾವ ಮಸ್ಕತ್ತು ಯಾಕೆ, ಇಲ್ಲೇ ಇದ್ಬುಡನ ಅಂತ." ಅವಳು ಚೀಲದ ಬಾಯಿಯ ಗಂಟು ಬಿಗಿದಳು. "ಸಾಯಂಕಾಲದ್ವರ್ಗೂ ಕಾಯ್ತಾನೇ ಇದ್ದೆ. ಆಮೇಲೆ ನೀನು ಬಂದು ಕೈ ತೊಳ್ಕೊ ಅಂದೆ."

ಇಡೀ ಹಗಲು ತಾನು ಹೆದರುತ್ತಾ ಕಾಪಾಡಿಕೊಂಡಿದ್ದ ಮೌನವೇ ಮಗಳನ್ನು ಹಿಡಿದು ನಿಲ್ಲಿಸಿತ್ತು. ಇನ್ನೊಂದಿಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಶಿವರತ್ನಮ್ಮ ಏನಾದರೂ ಹೇಳಬೇಕು ಎನ್ನುವಷ್ಟರಲ್ಲಿ ಹನೂರಿನ ದಿಕ್ಕಿನಿಂದ ಹಾರನ್ನು ಕೇಳಿಸಿತು. ಬಸ್ಸು ಹೋಗಿರಲಿಲ್ಲ. ಧೂಳೆಬ್ಬಿಸಿಕೊಂಡು ಬಂದು ನಿಂತಿತು. ತಡವಾದ ಸಿಟ್ಟಿನಲ್ಲಿದ್ದ ಕಂಡಕ್ಟರು ಬಾಗಿಲಲ್ಲೇ ನೇತಾಡುತ್ತಾ, "ಬೇಗ ಬೇಗ, ಕೊಳ್ಳೇಗಾಲ ಬೆಂಗ್ಳೂರು" ಎಂದು ಅವಸರ ಮಾಡಿದ.

ಯಶೋದ ಚೀಲ ಎತ್ತಿಕೊಂಡು ಬಾಗಿಲಿನ ತನಕ ಹೋದಳು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟು, ಕಂಬಿ ಹಿಡಿದು, ತಿರುಗಿ ನಿಂತಳು. ಏನೂ ಕೇಳಲಿಲ್ಲ, ತಾಯಿಯ ಮುಖವನ್ನೇ ನೋಡಿದಳು. ಬೆಳಿಗ್ಗೆ ಹುಳದ ತಟ್ಟೆಯ ಮುಂದೆ ನೋಡಿದ ಹಾಗೆಯೇ ನೋಡಿದಳು. ಆ ನೋಟ ಏನೆಂದು ಈಗ ಶಿವರತ್ನಮ್ಮನಿಗೆ ಗೊತ್ತಿತ್ತು. ಬ್ಯಾಡ ಕಣವ್ವ ಎಂದರೆ ಸಾಕು. ಅಷ್ಟು ಅಂದರೆ ಆ ಕಾಲು ಕೆಳಗಿಳಿಯುತ್ತದೆ. ಇಳಿದ ಮೇಲೆ ಅವಳು ಯಾವತ್ತೂ ಒಂದು ಮಾತು ಬೈಯುವುದಿಲ್ಲ, ತಾಯಿಯ ಮಗಳೇ ತಾನೆ, ನುಂಗಿಕೊಂಡು ಬಾಳುತ್ತಾಳೆ. ಮಹದೇವು ಇನ್ನೂ ಬೂತಿನ ಹತ್ತಿರವೇ ಇದ್ದ. ಹೇಳು ಎನ್ನುವವರೂ ಬೇಡ ಎನ್ನುವವರೂ ಪಕ್ಕದಲ್ಲಿ ಯಾರೂ ಇರಲಿಲ್ಲ.

"ಅತ್ತವ್ವ," ಎಂದಳು ಶಿವರತ್ನಮ್ಮ. "ಬಸ್ಸು ನಿಲ್ಲಕಿಲ್ಲ. ಅತ್ತು."

ಮಗಳು ಕದಲಲಿಲ್ಲ. ತಾಯಿ ಮುಂದೆ ಬಂದು ಅವಳ ಬೆನ್ನಿಗೆ ಕೈ ಇಟ್ಟು ಮೇಲಕ್ಕೆ ದಬ್ಬಿದಳು, ಚಿಕ್ಕವಳಿದ್ದಾಗ ಶಾಲೆಗೆ ದಬ್ಬುತ್ತಿದ್ದಂತೆ. ಕಂಡಕ್ಟರು ಸೀಟಿ ಊದಿದ. ಬಾಗಿಲು ಮುಚ್ಚಿತು. ಒಳಗೆ ಜನ ಕಿಕ್ಕಿರಿದಿದ್ದರಿಂದ ಮಗಳು ಕಿಟಕಿಯ ಹತ್ತಿರ ಬರಲಾಗಲಿಲ್ಲ. ಬಸ್ಸು ಕೊಳ್ಳೇಗಾಲದ ಕಡೆ ತಿರುಗಿ ಹೋಯಿತು.

ಮಹದೇವು ಓಡಿ ಬಂದಾಗ ರಸ್ತೆಯಲ್ಲಿ ಧೂಳು ಮಾತ್ರ ಇತ್ತು. "ಓದ್ಲಾ? ನಾನು ಬರದ್ರೊಳಗೇ ಓದ್ಲಾ?" ಎಂದು ಅವನು ಬಸ್ಸು ಹೋದ ದಾರಿಯನ್ನೇ ನೋಡಿದ. ಹೆಂಡತಿ ಹುಣಸೆಮರಕ್ಕೆ ಒರಗಿ ಕುಸಿದು ಕೂತಿದ್ದಳು. ಹಗಲೆಲ್ಲ ಬಾರದ ಅಳು ಈಗ ಬಂದಿತ್ತು. ಜನ ನೋಡುತ್ತಿದ್ದರು. ಅವಳಿಗೆ ಅದರ ಪರಿವೆ ಇರಲಿಲ್ಲ.

"ಏಳು ರತ್ನಿ. ಎರಡು ವರ್ಷ ತಾನೆ, ಬತ್ತಾಳೆ," ಎಂದು ಅವನು ಸಮಾಧಾನ ಹೇಳಿದ. "ಓಗೋರ್ನ ತಡಿಯಕ್ಕಾಗ್ತದಾ?"

"ಆಗ್ತಿತ್ತು ಕಣ್ರೀ," ಎಂದಳು ಶಿವರತ್ನಮ್ಮ. "ನಾನೇ ಬಸ್ ಅತ್ತುಸ್ದೆ."

ಅವನಿಗೆ ಅದು ಅರ್ಥವಾಗಲಿಲ್ಲ. ಅವಳ ರೆಟ್ಟೆ ಹಿಡಿದು ಎಬ್ಬಿಸಿ ಗಾಡಿ ಹತ್ತಿಸಿದ. ಎತ್ತುಗಳು ಸೀಗೆಮಾಳದ ದಾರಿ ಹಿಡಿದವು.